ಪಾಡ್ದನ ಹೇಳಿದವರ ಹೆಸರು ಎಲ್ಲಿ ಬರೆಯೋಣ?

ಹಿರಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಮನೆ. ಆಟಿ ತಿಂಗಳು. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಎಂಬತ್ತು ದಾಟಿದ ಅಜ್ಜಿ ಜಗಲಿಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಮೊಬೈಲನ್ನು ಅವರ ಪಕ್ಕ ಇಟ್ಟು ರೆಕಾರ್ಡ್ ಒತ್ತಿದೆ. ಅಜ್ಜಿ ಪಾಡ್ದನದ, ಅಂದರೆ ತುಳುವಿನ ಕಥೆ ಹಾಡಿನ, ಎರಡು ಸಾಲು ಹಾಡಿ ನಿಲ್ಲಿಸಿದರು. ಮತ್ತೆ ಎರಡು ಸಾಲು ಹಾಡಿ ಮತ್ತೆ ನಿಂತರು. ಮರೆತುಹೋಯಿತೇನೋ ಅಂದುಕೊಂಡೆ. ಮರೆತಿರಲಿಲ್ಲ, ಅವರು ಕಾಯುತ್ತಿದ್ದರು. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ ನೆಡುವಾಗ ಒಬ್ಬರು ಸೊಲ್ಲು ಎತ್ತಿದರೆ ಉಳಿದವರು ಅದನ್ನು ಹಿಡಿದು ತಿರುಗಿ ಹಾಡಬೇಕು. ಆಗ ಮೊದಲಿನವರಿಗೆ ಉಸಿರು ಎಳೆದುಕೊಳ್ಳಲು ಸಮಯ, ಮುಂದಿನ ಸಾಲು ನೆನಪು ಮಾಡಿಕೊಳ್ಳಲು ಸಮಯ. ಪಕ್ಕದಲ್ಲಿದ್ದ ಸೊಸೆಗೆ ಆ ಹಾಡು ಬರುವುದಿಲ್ಲ. ನನಗೂ ಬರುವುದಿಲ್ಲ. ಕೊನೆಗೆ ಅಜ್ಜಿಯೇ ಎರಡೂ ಪಾಲನ್ನು ಹಾಡಿದರು. ಅಷ್ಟು ಹೊತ್ತೂ ಅವರ ಬಲಗೈ ಹೆಬ್ಬೆರಳು ಚಾಪೆಯನ್ನು ಒತ್ತುತ್ತಲೇ ಇತ್ತು, ನೇಜಿಯ ಬುಡವನ್ನು ಕೆಸರಿಗೆ ಒತ್ತಿದ ಹಾಗೆ.

ಮುಗಿದ ಮೇಲೆ ಚೀಟಿಯಲ್ಲಿ ಬರೆದುಕೊಳ್ಳಲು ಹೆಸರು ಕೇಳಿದೆ. "ಎನ್ನ ಪುದರ್ ದಾಯೆಗ್?" ಅಂದರು. ನನ್ನ ಹೆಸರು ಯಾಕೆ? "ಉಂದು ಎನ್ನ ಅಪ್ಪೆನ ಪದ." ಇದು ನನ್ನ ಅಮ್ಮನ ಹಾಡು.

ಜಾನಪದ ಹಾಡುಗಾರರಿಗೂ ಒಂದು ಹಾಲ್ ಆಫ್ ಫೇಮ್ ಬೇಕು ಅನ್ನುವ ಮಾತು ಬಂದಾಗಲೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಗೆಳೆಯರು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಒಂದು ಕಟ್ಟಡ, ಗೋಡೆಯ ಮೇಲೆ ದೊಡ್ಡ ಹಾಡುಗಾರರ ಫೋಟೋ, ಕೆಳಗೆ ಹೆಸರು, ಗುಂಡಿ ಒತ್ತಿದರೆ ದನಿ. ಯಾಕೆ ಬೇಡ? ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಆಗುವುದಿಲ್ಲ. ಮೊದಲು ಈ ಹಾಲ್ ಆಫ್ ಫೇಮ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಇದು ಅಮೆರಿಕದ ರೂಢಿ. 1900ರಲ್ಲಿ ನ್ಯೂಯಾರ್ಕ್‌ನಲ್ಲಿ ದೇಶದ ದೊಡ್ಡವರಿಗೆ ಅಂತ ಒಂದು ಶುರುವಾಯಿತು. 1936ರಲ್ಲಿ ಬೇಸ್‌ಬಾಲ್ ಆಟಗಾರರನ್ನು ಆರಿಸಲು ಶುರು ಮಾಡಿದರು. ಸಂಗೀತಕ್ಕೆ ಬಂದರೆ, ಕಂಟ್ರಿ ಮ್ಯೂಸಿಕ್‌ನವರದ್ದು 1961ರಲ್ಲಿ, ರಾಕ್ ಸಂಗೀತದ್ದು 1983ರಲ್ಲಿ ಹುಟ್ಟಿತು. ರಾಕ್‌ನ ಮೊದಲ ಪಟ್ಟಿ ಬಂದದ್ದು 1986ರಲ್ಲಿ, ಕ್ಲೀವ್‌ಲ್ಯಾಂಡ್ ಊರಿನಲ್ಲಿ ಅದರ ಮ್ಯೂಸಿಯಂ ತೆರೆದದ್ದು 1995ರಲ್ಲಿ. ಜಾನಪದಕ್ಕೂ ಒಂದು ಇರಲಿ ಎಂದು ಬಾಸ್ಟನ್‌ನ ಒಂದು ಹಳೆಯ ಥಿಯೇಟರಿನಲ್ಲಿ 2019ರಲ್ಲಿ ಕೆಲಸ ಶುರುವಾಗಿ, ಮೊದಲ ಪಟ್ಟಿ 2024ರಲ್ಲಿ ಬಂತು.

ಇವುಗಳ ನಿಯಮ ಸರಳ. ರಾಕ್‌ನಲ್ಲಿ, ಒಬ್ಬ ಕಲಾವಿದನ ಮೊದಲ ರೆಕಾರ್ಡ್ ಹೊರಬಂದು 25 ವರ್ಷ ಆಗಿರಬೇಕು. ಒಂದು ಸಮಿತಿ ಹೆಸರು ಸೂಚಿಸುತ್ತದೆ, ಸಂಗೀತ ಬಲ್ಲವರು ಮತ ಹಾಕುತ್ತಾರೆ. ಈ ನಿಯಮದ ಒಳಗೆ ಮೂರು ನಂಬಿಕೆಗಳು ಕೂತಿವೆ. ಹಾಡು ಒಬ್ಬರದ್ದು. ಅದಕ್ಕೆ ಹುಟ್ಟಿದ ತಾರೀಕು ಇದೆ. ಯಾರು ದೊಡ್ಡವರು ಅಂತ ಹೊರಗಿನ ನಾಲ್ಕು ಜನ ಕೂತು ತೀರ್ಮಾನ ಮಾಡಬಹುದು.

ನಮ್ಮ ಅಜ್ಜಿಯ ಜಗಲಿಯಲ್ಲಿ ಈ ಮೂರೂ ನಿಲ್ಲುವುದಿಲ್ಲ. ಅವರ ಹಾಡು ಅಮ್ಮನದ್ದು. ಅಮ್ಮನದ್ದು ಅಂದರೆ ಅಮ್ಮನ ಅಮ್ಮನದ್ದೂ ಹೌದು. ಮೊದಲ ರೆಕಾರ್ಡ್ ನನ್ನ ಮೊಬೈಲಿನಲ್ಲಿ ಆದದ್ದು. ಹಾಗಾದರೆ ಇನ್ನು 25 ವರ್ಷ ಕಾಯಬೇಕಾ?

ಜಾನಪದ ಸಂಗೀತ ಅಂದರೆ ಏನು ಎಂದು 1954ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ವಾಂಸರು ಒಂದು ವಿವರಣೆ ಕೊಟ್ಟರು. ಮೂರು ಗುಣ ಹೇಳಿದರು. ಹಾಡು ಹಿಂದಿನಿಂದ ಇಂದಿಗೆ ಹರಿದು ಬರಬೇಕು. ಹಾಡುವವರ ಬಾಯಲ್ಲಿ ಅದು ಬದಲಾಗುತ್ತಾ ಹೋಗಬೇಕು. ಯಾವುದು ಉಳಿಯಬೇಕು, ಯಾವುದು ಬೀಳಬೇಕು ಅಂತ ಆ ಸಮುದಾಯವೇ ಆರಿಸಬೇಕು. ಮೂರನೆಯದನ್ನು ಗಮನಿಸಿ. ಜಾನಪದದಲ್ಲಿ ಆಯ್ಕೆ ಸಮಿತಿ ಇಲ್ಲ ಅಂತಲ್ಲ. ಸಮಿತಿ ಇದೆ, ಆದರೆ ಅದು ಇಡೀ ಊರು. ಯಾರ ಸೊಲ್ಲನ್ನು ಉಳಿದವರು ಹಿಡಿದು ಹಾಡಿದರೋ ಅವರು ಆಯ್ಕೆಯಾದರು.

ನಮ್ಮ ತುಳುನಾಡಿನ ಮಟ್ಟಿಗೆ ಇನ್ನೂ ಒಂದು ಮಾತಿದೆ. ಇದು ಹೊಳೆದ ಮೇಲೆ ನನಗೆ ಈ ಇಡೀ ಚರ್ಚೆಯೇ ಬೇರೆ ಥರ ಕಾಣಿಸಿತು. ಪಾಡ್ದನ ಅನ್ನುವುದೇ ಒಂದು ಹಾಲ್ ಆಫ್ ಫೇಮ್.

ಯೋಚಿಸಿ ನೋಡಿ. ಪಾಡ್ದನದಲ್ಲಿ ಇರುವವರು ಯಾರು? ಪಡುಮಲೆಯ ಬಲ್ಲಾಳನ ಎದುರು ತಮ್ಮ ಹಕ್ಕು ಕೇಳಿ ನಿಂತ ಕೋಟಿ-ಚೆನ್ನಯರು. ಮೋಸ ಮಾಡಿದ ಗಂಡನಿಂದ ಮದುವೆ ಬಿಡಿಸಿಕೊಂಡು ಹೊರಬಂದ ಸಿರಿ. ಹುಟ್ಟು, ಅನ್ಯಾಯ, ಸಾವು, ಮಾಯ ಆದದ್ದು, ಆಮೇಲೆ ಎಲ್ಲೆಲ್ಲಿ ನೆಲೆ ನಿಂತರು ಅನ್ನುವುದು, ಎಲ್ಲ ಹಾಡಿನಲ್ಲಿದೆ. ಇವರನ್ನು ಆರಿಸಿದ್ದು ಅರಸರಲ್ಲ. ನೆಟ್ಟಿಗೆ ಬಗ್ಗಿದವರು, ಕಟ್ಟೆಯ ಮೇಲೆ ಕೂತವರು ಆರಿಸಿದರು.

ಕಾರ್ಕಳದ ಗೊಮ್ಮಟನನ್ನೇ ತೆಗೆದುಕೊಳ್ಳಿ. 1432ರಲ್ಲಿ ನಿಂತ ಮೂರ್ತಿ, 42 ಅಡಿ ಎತ್ತರ. ಅಲ್ಲಿನ ಶಾಸನ ಮಾಡಿಸಿದವನ ಹೆಸರು ಹೇಳುತ್ತದೆ, ವೀರಪಾಂಡ್ಯ. ಕೆತ್ತಿದವನ ಹೆಸರು ಊರಿಗೆ ಗೊತ್ತಿರುವುದು ಪಾಡ್ದನದಿಂದ, ಬೀರ ಕಲ್ಕುಡ. ಇಂಥದ್ದು ಇನ್ನೊಂದು ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ ಅನ್ನುತ್ತದೆ ಪಾಡ್ದನ. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಸೇಡು ತೀರಿಸಿಕೊಂಡಳು. ಇಂದಿಗೂ ಇಬ್ಬರಿಗೂ ನೇಮ, ಅಂದರೆ ದೈವದ ಆರಾಧನೆ ನಡೆಯುತ್ತದೆ. ಚರಿತ್ರೆಯ ಲೆಕ್ಕದಲ್ಲಿ ಇದು ಎಷ್ಟು ನಿಜ ಅನ್ನುವುದು ಬೇರೆ ವಿಷಯ. ಕಲ್ಲಿನಲ್ಲಿ ಬರೆದವರಿಗೆ ಒಬ್ಬ ಮುಖ್ಯ, ಬಾಯಲ್ಲಿ ಹಾಡಿದವರಿಗೆ ಇನ್ನೊಬ್ಬ ಮುಖ್ಯ ಆದ. ಬೀರನ ಹೆಸರನ್ನು ಇಷ್ಟು ಕಾಲ ಹೊತ್ತು ತಂದವರು ಹಾಡಿದವರು.

ಮತ್ತೆ ಆ ಹಾಡಿದವರ ಹೆಸರು? ಅದು ಯಾವ ಪಾಡ್ದನದಲ್ಲೂ ಇಲ್ಲ.

ನೇಮದ ರಾತ್ರಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ದೈವ ಕಟ್ಟುವವರು ಮುಖಕ್ಕೆ ಅರದಾಳ ಹಚ್ಚಿಕೊಳ್ಳುತ್ತಾ ಕೂತಿರುತ್ತಾರೆ. ಪಕ್ಕದಲ್ಲಿ ಅವರ ಅಮ್ಮನೋ ಹೆಂಡತಿಯೋ ತೆಂಬರೆ ಹಿಡಿದು ಆ ದೈವದ ಸಂದಿ, ಅಂದರೆ ಅದರ ಕಥೆಯ ಹಾಡು ಹೇಳುತ್ತಾರೆ. ತೆಂಬರೆ ಸಣ್ಣ ಚರ್ಮವಾದ್ಯ, ಕೋಲಿನಿಂದ ಬಡಿಯುವುದು. ದೈವಕ್ಕೆ ತನ್ನ ಕಥೆಯನ್ನು ನೆನಪು ಮಾಡಿಕೊಡುವುದೇ ಅವರ ಕೆಲಸ. ಆ ಹೊತ್ತಿಗೆ ಜನ ಊಟಕ್ಕೆ ಹೋಗಿರುತ್ತಾರೆ. ನಾನು ಹೋದ ಒಂದು ನೇಮದಲ್ಲಿ ಮೈಕ್ ಇದ್ದದ್ದು ದಾನಿಗಳ ಹೆಸರು ಓದುವವರ ಮುಂದೆ. ಆಮಂತ್ರಣ ಪತ್ರಿಕೆಯಲ್ಲಿ ಬ್ಯಾಂಡಿನವರ ಹೆಸರಿತ್ತು, ಸುಡುಮದ್ದಿನವರ ಹೆಸರಿತ್ತು. ಸಂದಿ ಹೇಳಿದ ಹೆಂಗಸಿನ ಹೆಸರಿರಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ "ಜಾನಪದ ಅಂದರೆ ಎಲ್ಲರದ್ದೂ, ಅದರಲ್ಲಿ ಹೆಸರು ಯಾಕೆ" ಅನ್ನುವ ಮಾತನ್ನು ನಾನು ಸುಮ್ನೆ ಒಪ್ಪುವುದಿಲ್ಲ. ಆ ಮಾತಿನಿಂದ ಲಾಭ ಆದದ್ದು ಹಾಡಿದವರಿಗಲ್ಲ.

ಅಮೆರಿಕದ ಎಲಿಜಬೆತ್ ಕಾಟನ್ ಅವರ ಕಥೆ ಕೇಳಿ. ಕಪ್ಪು ಜನಾಂಗದ ಹೆಣ್ಣುಮಗಳು. ಎಡಗೈಯವರು, ಗಿಟಾರನ್ನು ತಿರುಗಿಸಿ ಹಿಡಿದು ನುಡಿಸುತ್ತಿದ್ದರು. ಹುಡುಗಿಯಾಗಿದ್ದಾಗ ರೈಲಿನ ಬಗ್ಗೆ ಒಂದು ಹಾಡು ಕಟ್ಟಿದ್ದರು. ಆಮೇಲೆ ಎಷ್ಟೋ ವರ್ಷ ಗಿಟಾರ್ ಬಿಟ್ಟು ಮನೆಗೆಲಸ ಮಾಡಿಕೊಂಡಿದ್ದರು. ಕೆಲಸಕ್ಕಿದ್ದ ಮನೆಯವರು ಜಾನಪದ ಸಂಗೀತದ ವಿದ್ವಾಂಸರು. ಆ ಮನೆಯ ಮಗಳ ಬಾಯಿಂದ ಹಾಡು 1950ರ ದಶಕದಲ್ಲಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಬೇರೆ ಇಬ್ಬರು ಅದನ್ನು ತಮ್ಮದೆಂದು ನೋಂದಾಯಿಸಿಕೊಂಡರು. ಹಾಡು ಜನಪ್ರಿಯವಾಯಿತು. ಕಟ್ಟಿದವರು ಬದುಕಿದ್ದರು, ಅವರಿಗೊಂದು ಹೆಸರಿತ್ತು. ಅವರಿಗೆ ತಮ್ಮ ಹಕ್ಕು ಸಿಕ್ಕಿದ್ದು ಜಗಳವಾದ ಮೇಲೆ. 1987ರಲ್ಲಿ ಅವರು ತೀರಿಕೊಂಡರು. ರಾಕ್ ಹಾಲ್ ಆಫ್ ಫೇಮ್ ಅವರನ್ನು "ಮೊದಲ ಪ್ರಭಾವ" ಅನ್ನುವ ವಿಭಾಗದಲ್ಲಿ ಸೇರಿಸಿದ್ದು 2022ರಲ್ಲಿ. ತೀರಿಕೊಂಡು 35 ವರ್ಷ ಆದ ಮೇಲೆ.

ಹೆಸರು ಬರೆದಿಡದಿದ್ದರೆ ಹೀಗಾಗುತ್ತದೆ. ಗೋಡೆಯ ಮೇಲೆ ತಡವಾಗಿ ಬರೆದರೆ ಏನು ಸಿಕ್ಕೀತು ಅನ್ನುವುದೂ ಇದರಲ್ಲೇ ಇದೆ.

ನಮ್ಮಲ್ಲೂ ಸರಿಯಾಗಿ ಆದ ಕೆಲಸ ಇದೆ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಸಿರಿ ಪಾಡ್ದನ ಬಲ್ಲವರು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೂತು ದಿನಗಟ್ಟಲೆ ಅವರಿಂದ ಸಿರಿಯ ಕಥೆ ಹಾಡಿಸಿದರು. 15 ಸಾವಿರಕ್ಕೂ ಜಾಸ್ತಿ ಸಾಲು. 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಅಚ್ಚಾದಾಗ ಪುಸ್ತಕದ ಹೆಸರಿನಲ್ಲೇ "ಗೋಪಾಲ ನಾಯ್ಕರು ಹಾಡಿದಂತೆ" ಎಂದು ಇತ್ತು. ಒಳಗೆಲ್ಲೋ ಧನ್ಯವಾದದ ಪುಟದಲ್ಲಲ್ಲ, ಮುಖಪುಟದಲ್ಲಿ. ಸಿರಿಯ ಕಥೆ ಗೋಪಾಲ ನಾಯ್ಕರದ್ದು ಅಂತ ಇದರ ಅರ್ಥವಲ್ಲ. ಇದು ಅವರ ಬಾಯಲ್ಲಿ, ಆ ದಿನಗಳಲ್ಲಿ ಬಂದ ಸಿರಿ. ಗದ್ದೆಯಲ್ಲಿ ಅದು ಬೇರೆ ರೂಪದಲ್ಲಿ ಬರುತ್ತದೆ, ಸಿರಿ ಜಾತ್ರೆಯಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. ಕಥೆ ಎಲ್ಲರದ್ದಾಗಿ ಉಳಿಯಿತು, ಹಾಡಿದವರ ಹೆಸರೂ ಉಳಿಯಿತು. ಎರಡರ ನಡುವೆ ಜಗಳವೇನೂ ಆಗಲಿಲ್ಲ ಅಲ್ವಾ?

ಹಾಗಾದರೆ ಗೋಡೆ ಯಾಕೆ ಬೇಡ? ನನಗೆ ತೊಡಕು ಕಾಣುವುದು ಫೋಟೋ ಹಾಕುವುದರಲ್ಲಲ್ಲ, ಹತ್ತು ಜನರನ್ನು ಆರಿಸುವುದರಲ್ಲಿ. ಆರಿಸಿದ ಕೂಡಲೇ ಸೊಲ್ಲು ಎತ್ತಿದವರು ಒಳಗೆ, ಸೊಲ್ಲು ಕೊಟ್ಟವರು ಹೊರಗೆ.

ಯಕ್ಷಗಾನದಲ್ಲಾದರೆ ಹೀಗೆ ಒಬ್ಬೊಬ್ಬರನ್ನು ಆರಿಸುವುದು ಸರಿಹೋಗುತ್ತದೆ. ಭಾಗವತರಾಗಿದ್ದ, ಅಂದರೆ ಯಕ್ಷಗಾನದ ಹಾಡುಗಾರರಾಗಿದ್ದ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ಹೋದರು, ಇವತ್ತಿಗೂ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಅಭಿಮಾನಿಗಳು ಅವರ ಕ್ಯಾಸೆಟ್ ಹುಡುಕುತ್ತಾರೆ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಹಾಡುಗಾರಿಕೆಗೆ ತೆಂಕುತಿಟ್ಟಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, "ಬಲಿಪ ಶೈಲಿ" ಅಂತಲೇ ಹೆಸರು. ಭಾಗವತಿಕೆಯಲ್ಲಿ ಜನ ಹಾಡುವವರನ್ನು ಕೇಳಲು ಬರುತ್ತಾರೆ. ಅಲ್ಲಿ ಒಬ್ಬೊಬ್ಬರ ಫೋಟೋ ಇಟ್ಟರೆ ಸರಿಯೇ. ನಾಟಿ ಹಾಡಿನಲ್ಲಿ ಹಾಗಿಲ್ಲ. ಅಲ್ಲಿ ಕೇಳಲು ಬಂದವರು ಯಾರೂ ಇರಲಿಲ್ಲ, ಇದ್ದವರೆಲ್ಲ ಹಾಡಿದರು.

ತುಳುನಾಡಿನ ಬುಡಕಟ್ಟಿನವರಾದ ಕೊರಗರ ಡೋಲಿನ ವಿಷಯ ಇನ್ನೂ ಕಷ್ಟದ್ದು. ಡೋಲಿನ ನಾದ ಎಷ್ಟು ಚೆಂದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬದಿಯಲ್ಲಿ ಬೆಳಗಿನ ತನಕ ಡೋಲು ಬಾರಿಸುತ್ತಾ, ಹಾಡುತ್ತಾ ಕೂರಬೇಕಿತ್ತು. ಅದಕ್ಕೆ ಪನಿ ಕುಲ್ಲುನು ಅಂತ ಹೆಸರು. ಪನಿ ಅಂದರೆ ಇಬ್ಬನಿ. ಇಬ್ಬನಿಯಲ್ಲಿ ಕೂರುವುದು. ಅದು ಅವರು ಇಷ್ಟಪಟ್ಟು ಕೊಟ್ಟ ಸಂಗೀತ ಕಛೇರಿ ಆಗಿರಲಿಲ್ಲ. ಡೋಲು ಬಾರಿಸಲು ಕರೆಯುವುದು, ಕೀಳಾಗಿ ಕಾಣುವುದು ಎರಡೂ ಒಟ್ಟಿಗೇ ಇದ್ದವು. ಇಂಥ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಈಗ ಡೋಲನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಪಕ್ಕದಲ್ಲಿ ಒಬ್ಬ ಹಿರಿಯರ ನಗುಮುಖದ ಫೋಟೋ ಹಾಕಿ, "ನಮ್ಮ ಹೆಮ್ಮೆ" ಅಂತ ಬರೆದರೆ ಆ ರಾತ್ರಿಗಳು ಎಲ್ಲಿ ಹೋದವು? ಡೋಲನ್ನು ಎಲ್ಲಿ ಬಾರಿಸಬೇಕು, ಯಾರ ಮುಂದೆ ಬಾರಿಸಬೇಕು, ಬಾರಿಸಬೇಕೋ ಬೇಡವೋ ಅನ್ನುವುದು ಕೊರಗರ ತೀರ್ಮಾನ. ಅದರ ಕಥೆ ಗೋಡೆಯ ಮೇಲೆ ಬರುವುದಾದರೆ ಆ ಬರಹವೂ ಅವರದ್ದೇ ಆಗಬೇಕು.

ಪ್ರಶಸ್ತಿಯನ್ನು ನಾನು ಬೇಡ ಅನ್ನುವುದಿಲ್ಲ. ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಬಂತು. ತಮಟೆ ಅಂದರೆ ಮೂಗು ಮುರಿಯುತ್ತಿದ್ದ ಜನ ಆ ದಿನ ಟಿವಿಯಲ್ಲಿ ರಾಷ್ಟ್ರಪತಿ ಭವನ ನೋಡಿದರು. ಅದು ಸಣ್ಣ ವಿಷಯ ಅಲ್ಲ. ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಾಡಿಗೆ ನಾಡೇ ಒಬ್ಬ ಹಾಡುಗಾರ್ತಿ ಹೋದರು ಅಂತ ದುಃಖಪಟ್ಟಿತು. ಹಾಡಿನ ಅಜ್ಜಿಯರಿಗೆ ಇಂಥ ವಿದಾಯ ಎಲ್ಲಿ ಸಿಗುತ್ತಿತ್ತು?

ಆದರೆ ಪ್ರಶಸ್ತಿ ಬಂದ ಮರುದಿನ ಹಾಡಿಗೆ ಏನಾಗುತ್ತದೆ ಅಂತಲೂ ಕೇಳಬೇಕು. ಇಲ್ಲಿ ಜಪಾನಿನಿಂದ ಕಲಿಯುವುದಿದೆ. ಅವರು 1950ರಲ್ಲೇ ಕಾನೂನು ಮಾಡಿ, ಹಳೆಯ ಕಲೆ-ಕಸುಬು ಬಲ್ಲವರನ್ನು ಗುರುತಿಸಲು ಶುರು ಮಾಡಿದರು. ಜನ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಅನ್ನುತ್ತಾರೆ. ಅವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಸಿಗುತ್ತದೆ. ಹಣ ಕೊಡುವುದು ಸುಮ್ನೆ ಅಲ್ಲ, ಕಲೆಯನ್ನು ಬೆಳೆಸಲಿ, ಮುಂದಿನವರಿಗೆ ಕಲಿಸಲಿ ಅಂತ. ಇನ್ನೊಂದು ನನಗೆ ತುಂಬಾ ಹಿಡಿಸಿದ್ದು: ಒಬ್ಬರನ್ನು ಬೇರೆ ಮಾಡಿ ಆರಿಸಲು ಆಗದ ಕಲೆಗಳಲ್ಲಿ ಇಡೀ ಗುಂಪನ್ನೇ ಗುರುತಿಸುತ್ತಾರೆ.

ಗುಂಪಿಗೆ ಮರ್ಯಾದೆ ಕೊಡುವುದು ನಮಗೂ ಹೊಸತಲ್ಲ. 2008ರ ಜನವರಿಯಲ್ಲಿ ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಅನ್ನುವ ಕೊಂಕಣಿ ಸಂಸ್ಥೆಯವರು 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಒಂದು ತಂಡ ಇಳಿದರೆ ಇನ್ನೊಂದು ತಂಡ. ಆ ದಾಖಲೆ ಯಾವ ಒಬ್ಬರದ್ದೂ ಅಲ್ಲ.

ಕಟ್ಟಡದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಇರುವುದನ್ನೇ ಮೊದಲು ನೋಡಬೇಕು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇದೆ. ನಮ್ಮ ಕರಾವಳಿಯ ಹಾಡು-ಕುಣಿತಗಳನ್ನು ಟೇಪಿಗೆ ಹಿಡಿಯುವ ಕೆಲಸವನ್ನು ಅಲ್ಲಿ ಎಷ್ಟೋ ಹಿಂದೆಯೇ ಮಾಡಿದ್ದಾರೆ. ಬಂಟ್ವಾಳದಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮ್ಯೂಸಿಯಂ ಇದೆ. ಮಂಗಳೂರಿನ ಉರ್ವಾಸ್ಟೋರ್‌ನಲ್ಲಿ ತುಳು ಭವನ ಇದೆ. ಹೊಸ ಗೋಡೆಗೆ ಹಾಕುವ ಹಣದಲ್ಲಿ ಹಳೆಯ ಟೇಪುಗಳನ್ನು ಕೇಳುವ ಹಾಗೆ ಮಾಡಿ, ಯಾವ ಹಾಡು ಯಾರದ್ದು, ಯಾವ ಊರಿನದ್ದು ಅಂತ ಹುಡುಕಿ ಬರೆಸಿದರೆ ನನಗೆ ಜಾಸ್ತಿ ಸಂತೋಷ. ಅಜ್ಜಿ ಹೋಗಿ ಇಪ್ಪತ್ತು ವರ್ಷ ಆದ ಮೇಲೆ ಮೊಮ್ಮಗಳು ಬಂದು "ನನ್ನ ಅಜ್ಜಿಯ ದನಿ ಇದೆಯಾ?" ಅಂತ ಕೇಳಿದರೆ ತೆಗೆದು ಕೊಡಲು ಆಗಬೇಕು. ಹಾಡಿದವರ ಮನೆಯವರೇ ಕೇಳಲು ಆಗದ ಟೇಪು ಯಾರಿಗೋಸ್ಕರ?

ನಾನು ಈಗ ರೆಕಾರ್ಡ್ ಮಾಡುವಾಗ ಒಂದು ಚೀಟಿ ಬರೆಯುತ್ತೇನೆ. ಯಾರು ಹೇಳಿದರು. ಯಾರಿಂದ ಕಲಿತರು. ಯಾವ ಊರು. ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು. ಸೊಲ್ಲು ಕೊಡುತ್ತಿದ್ದವರು ಯಾರ್‍ಯಾರು. ಇದನ್ನು ಯಾರಿಗೆ ಕೇಳಿಸಬಹುದು, ಯಾರಿಗೆ ಬೇಡ. ಕೊನೆಯದನ್ನು ಕೇಳಲೇಬೇಕು. ಕೆಲವು ಸಂದಿಗಳನ್ನು ನೇಮದ ಹೊರಗೆ ಹೇಳಲು ಅವರಿಗೆ ಮನಸ್ಸಿರುವುದಿಲ್ಲ. ಹಿರಿಯಡ್ಕದ ಅಜ್ಜಿಯ ಹೆಸರನ್ನು ನಾನು ಇಲ್ಲಿ ಬರೆಯದೆ ಇರುವುದೂ ಇದಕ್ಕೇ. ಇಂಟರ್ನೆಟ್‌ನಲ್ಲಿ ಹಾಕುವುದು ಬೇಡ ಅಂದಿದ್ದಾರೆ. ಚೀಟಿಯಲ್ಲಿ ಇದೆ. ಅವರು ಹೇಳಿದ ಹಾಗೆ ಮೊದಲು ಅವರ ಅಮ್ಮನ ಹೆಸರು, ಅದರ ಕೆಳಗೆ ಅವರದ್ದು.

ಸೊಲ್ಲು ಕೊಡುತ್ತಿದ್ದವರು ಯಾರು ಅಂತ ಕೇಳಿದಾಗ ಅಜ್ಜಿ ಬೆರಳು ಮಡಚುತ್ತಾ ಏಳು ಹೆಸರು ಹೇಳಿದರು. ಒಂದೊಂದು ಹೆಸರಿಗೂ ಸ್ವಲ್ಪ ನಿಂತರು. ಒಬ್ಬರ ದನಿ ದೊಡ್ಡದು, ಆಚೆ ಗದ್ದೆಗೂ ಕೇಳಿಸುತ್ತಿತ್ತಂತೆ. ಇನ್ನೊಬ್ಬರು ಸಾಲು ತಪ್ಪಿದರೆ ಅಲ್ಲೇ ಬೈಯುತ್ತಿದ್ದರಂತೆ. ಏಳರಲ್ಲಿ ಈಗ ಇರುವವರು ಇಬ್ಬರು. ಒಬ್ಬರು ಮಗನ ಜೊತೆ ಮುಂಬೈಯಲ್ಲಿ. ಇನ್ನೊಬ್ಬರು ಇಲ್ಲೇ ಪೆರ್ಡೂರಿನಲ್ಲಿ, ಸಾಲು ತಪ್ಪಿದರೆ ಬೈಯುತ್ತಿದ್ದವರು. ಮಳೆ ಸ್ವಲ್ಪ ಬಿಟ್ಟ ಮೇಲೆ ಪೆರ್ಡೂರಿಗೆ ಹೋಗುವುದು ಅಂತ ಮಾತಾಗಿದೆ. ಅಜ್ಜಿಯೂ ಬರುತ್ತಾರೆ. ಸೊಸೆಯೂ ಬರುತ್ತೇನೆ ಅಂದಿದ್ದಾರೆ.